ಕೊಟ್ಟ ಮೇಲೆ ಉಳಿಯುವ ಹೊಣೆ

ಕೊಟ್ಟವನ ಹೊಣೆ ಕೊಟ್ಟಲ್ಲಿಗೆ ಮುಗಿಯುತ್ತದೆಯೇ, ಇಲ್ಲವೇ ಕೊಟ್ಟ ಗಳಿಗೆಯಿಂದಲೇ ಆರಂಭವಾಗುತ್ತದೆಯೇ? ಈ ಜಿಜ್ಞಾಸೆ ನಮ್ಮ ನಾಡಿಗೆ ಹೊಸದಲ್ಲ. ಕೆರೆ ಕಟ್ಟಿಸಿದವರು, ಛತ್ರ ಕಟ್ಟಿಸಿದವರು, ಬೇಸಗೆಯಲ್ಲಿ ಅರವಟ್ಟಿಗೆ ಇಡಿಸಿದವರು ಇದನ್ನು ಎದುರಿಸಿದವರೇ. ಛತ್ರದ ಮಾಡು ಸೋರಿದಾಗ ದಾರಿಹೋಕನು ಯಾರನ್ನು ದೂರಬೇಕು? ಕಟ್ಟಿಸಿದ ಪುಣ್ಯಾತ್ಮನನ್ನೇ, ವರ್ಷವರ್ಷವೂ ಅದರಲ್ಲಿ ಪುಕ್ಕಟೆಯಾಗಿ ಮಲಗೆದ್ದು ಹೋದ ತನ್ನನ್ನೇ? ಅದೇ ಪ್ರಶ್ನೆ ಇಂದು ಹೊಸ ವೇಷ ತೊಟ್ಟು ಕೊಚ್ಚಿ, ತಿರುವನಂತಪುರಗಳ ಕನ್ನಡ ಮನೆಗಳೊಳಗೂ ಬಂದು ಕುಳಿತಿದೆ.

ನಮ್ಮ ಹಿರಿಯರು ಈ ಕಡೆಗೆ ಬಂದುದು ಬ್ಯಾಂಕಿನ ವರ್ಗಾವಣೆಯ ಮೇಲೆ, ಹೋಟೆಲಿನ ವ್ಯಾಪಾರಕ್ಕೆ, ಕೊಚ್ಚಿಯ ಹಡಗುಕಟ್ಟೆಯ ಉದ್ಯೋಗಕ್ಕೆ, ೧೯೬೩ರಲ್ಲಿ ಮೊದಲ ರಾಕೆಟ್ ಹಾರಿದ ತುಂಬಾದ ಬಾಹ್ಯಾಕಾಶ ಕೇಂದ್ರದ ಕೆಲಸಕ್ಕೆ. ಮಕ್ಕಳ ಕಾಲಕ್ಕೆ ವಿಳಾಸ ಬದಲಾಯಿತು. ತಿರುವನಂತಪುರದಲ್ಲಿ ೧೯೯೦ರಲ್ಲಿ ಆರಂಭವಾದ ಟೆಕ್ನೋಪಾರ್ಕ್, ಕೊಚ್ಚಿಯ ಕಾಕ್ಕನಾಡಿನಲ್ಲಿ ೨೦೦೪ರಲ್ಲಿ ಆರಂಭವಾದ ಇನ್ಫೋಪಾರ್ಕ್ ಅವರ ಅನ್ನದ ತಾಣಗಳಾದವು. ಅವರಲ್ಲಿ ಕೆಲವರು ಕಚೇರಿಯಿಂದ ಬಂದು ಊಟ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಮತ್ತೆ ಗಣಕಯಂತ್ರದ ಮುಂದೆ ಕೂರುತ್ತಾರೆ. ಯಾರಿಗಾಗಿ? ಮುಖ ನೋಡದ, ಹೆಸರು ತಿಳಿಯದ ಜನರಿಗಾಗಿ. ಎಷ್ಟಕ್ಕೆ? ಒಂದು ಕಾಸೂ ಇಲ್ಲ. ಅಷ್ಟಾಗಿ ಸಿಗುವುದು ಬಹಳ ಸಲ ಬೈಗುಳ. “ಸಂಬಳವಿಲ್ಲದ ಕೆಲಸಕ್ಕೆ ಇಷ್ಟು ಮಾತು ಯಾಕೆ ಕೇಳಿಸಿಕೊಳ್ಳಬೇಕು ಮಗಾ, ಬಿಟ್ಟುಬಿಡಬಾರದೇ?” ಎಂದು ತಾಯಿ ಕೇಳಿದರೆ, “ಬಿಡುವುದು ಹೇಗಮ್ಮ, ಎಷ್ಟೋ ಜನ ನಂಬಿಕೊಂಡಿದ್ದಾರೆ” ಎಂದು ಉತ್ತರ ಬರುತ್ತದೆ. ತಾಯಿಯ ಪ್ರಶ್ನೆಯೂ ನ್ಯಾಯ, ಮಗನ ಉತ್ತರವೂ ನ್ಯಾಯ. ಎರಡೂ ನ್ಯಾಯವಾಗಿ ಒಂದಕ್ಕೊಂದು ಎದುರು ನಿಂತಾಗಲೇ ಅಲ್ಲವೇ ನೀತಿಯ ಪ್ರಶ್ನೆ ಹುಟ್ಟುವುದು!

ವಿಷಯವೇನೆಂಬುದನ್ನು ಮೊದಲು ಸ್ವಲ್ಪ ಬಿಡಿಸಿಕೊಳ್ಳೋಣ. ತಂತ್ರಾಂಶವನ್ನು ಬರೆದವರು ಅದರ ಮೂಲ ಬರವಣಿಗೆಯನ್ನು ಮುಚ್ಚಿಡದೆ, ಯಾರು ಬೇಕಾದರೂ ಓದಿ, ಬಳಸಿ, ತಿದ್ದಿ, ಹಂಚಿಕೊಳ್ಳಲಿ ಎಂದು ಬಿಟ್ಟುಕೊಟ್ಟರೆ ಅದು ಮುಕ್ತ ತಂತ್ರಾಂಶ. ಅಂತರಜಾಲ ತಾಣಗಳನ್ನು ಕಟ್ಟುವವರು ಪ್ರತಿ ಸಲವೂ ಮೊದಲಿನಿಂದ ಆರಂಭಿಸುವುದಿಲ್ಲ. ಸಿದ್ಧವಾದ ಒಂದು ಚೌಕಟ್ಟನ್ನು ತೆಗೆದುಕೊಂಡು ಅದರ ಮೇಲೆ ತಮ್ಮದನ್ನು ಕಟ್ಟುತ್ತಾರೆ. ಮದುವೆಯ ಚಪ್ಪರದ ಹಾಗೆ: ಕಂಬ, ಹಗ್ಗ, ಮೇಲ್ಹೊದಿಕೆ ಎಲ್ಲರಿಗೂ ಒಂದೇ, ಕೆಳಗೆ ನಡೆಯುವ ಮದುವೆ ಅವರವರದು. ಅಂತಹ ಚೌಕಟ್ಟುಗಳಲ್ಲಿ ಕೆಲವು ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಗೆ ಸೇರಿದವು. ಇದನ್ನು ತಿಳಿಯಲು ನಮ್ಮ ಬೀದಿಯ ಹಿಟ್ಟಿನ ಗಿರಣಿ ಸಾಕು. ನಮಗಿಂತ ಮುಂಚೆ ಯಾರೋ ಮೆಣಸಿನಕಾಯಿ ಹಾಕಿಸಿಕೊಂಡು ಹೋಗಿದ್ದರೆ ನಮ್ಮ ಗೋಧಿಹಿಟ್ಟೂ ಖಾರವಾಗುತ್ತದೆ. ಗಿರಣಿ ಹಿಂದಿನದನ್ನು ನೆನಪಿಟ್ಟುಕೊಂಡಿದ್ದರ ಫಲ ಅದು. ಫಂಕ್ಷನಲ್ ಪದ್ಧತಿಯಲ್ಲಿ ಪ್ರತಿಯೊಂದು ಗಿರಣಿಯೂ ಸದಾ ಶುಭ್ರ. ಅದೇ ಧಾನ್ಯ ಹಾಕಿದರೆ ಎಂದೆಂದಿಗೂ ಅದೇ ಹಿಟ್ಟು. ಪಕ್ಕದವರ ಚೀಲವನ್ನು ಅದು ಮುಟ್ಟುವುದಿಲ್ಲ, ಹಿಂದಿನವರ ಖಾರ ನಮಗೆ ತಗಲುವುದಿಲ್ಲ.

ಈ ಪದ್ಧತಿಯ ಭಾಷೆಗಳಲ್ಲಿ ಪ್ರಸಿದ್ಧವಾದ ಎರ್ಲಾಂಗ್, ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ೧೯೮೬ರ ಸುಮಾರಿಗೆ ದೂರವಾಣಿ ಯಂತ್ರಗಳಿಗಾಗಿ ರೂಪುಗೊಂಡು ೧೯೯೮ರಲ್ಲಿ ಸಾರ್ವಜನಿಕರಿಗೆ ಮುಕ್ತವಾಯಿತು. ಅದರ ಅಡಿಪಾಯದ ಮೇಲೆ ಬ್ರೆಜಿಲ್ ದೇಶದ ಜೋಸೆ ವಾಲಿಂ ಎಲಿಕ್ಸಿರ್ ಭಾಷೆಯನ್ನೂ, ಆ ಭಾಷೆಯಲ್ಲಿ ಅಮೆರಿಕದ ಕ್ರಿಸ್ ಮೆಕಾರ್ಡ್ ಫೀನಿಕ್ಸ್ ಎಂಬ ಚೌಕಟ್ಟನ್ನೂ ಕಟ್ಟಿದರು. ಇವೆಲ್ಲ ಇಂದು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ ವಸ್ತುಗಳು.

ಇಲ್ಲೊಂದು ಸೋಜಿಗವಿದೆ. ಹೊರಗಿನ ಯಾವುದನ್ನೂ ಕಲಕದ ಶುಭ್ರವಾದ ಗಿರಣಿಯನ್ನು ಆದರ್ಶವಾಗಿಟ್ಟುಕೊಂಡವರೇ, ತಮ್ಮ ಚೌಕಟ್ಟಿನ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿದ ದಿನ ಸಾವಿರಾರು ಅಪರಿಚಿತರ ಬದುಕನ್ನು ಕಲಕುತ್ತಾರೆ. ಒಂದು ಹೆಸರು ಬದಲಾಯಿಸಿದರೆ ಎಲ್ಲೋ ಒಂದು ಅಂಗಡಿಯ ಬಿಲ್ಲು ನಿಲ್ಲುತ್ತದೆ, ಎಲ್ಲೋ ಒಂದು ಶಾಲೆಯ ಹಾಜರಿ ನಿಲ್ಲುತ್ತದೆ. ಬರವಣಿಗೆಯೊಳಗೆ ಅಡ್ಡಪರಿಣಾಮವನ್ನು ತಪ್ಪಿಸಬಹುದು, ಬಿಡುಗಡೆಯಲ್ಲಿ ತಪ್ಪಿಸಲಾಗದು. ಮನುಷ್ಯರು ಮನುಷ್ಯರನ್ನು ನೆಚ್ಚಿದಲ್ಲೆಲ್ಲ ಒಬ್ಬರ ಮೆಣಸಿನಕಾಯಿ ಇನ್ನೊಬ್ಬರ ಹಿಟ್ಟಿಗೆ ತಗಲಿಯೇ ತೀರುತ್ತದೆ.

ಈ ವಿಚಾರವನ್ನು ಕೇರಳದಲ್ಲಿ ಕುಳಿತು ಮಾಡುವುದಕ್ಕೆ ಕಾರಣವಿದೆ. ಮುಕ್ತ ತಂತ್ರಾಂಶ ಚಳುವಳಿಯ ಪ್ರವರ್ತಕ ರಿಚರ್ಡ್ ಸ್ಟಾಲ್ಮನ್ ಅವರು ಚಳುವಳಿಯ ಭಾರತ ಶಾಖೆಯನ್ನು ಉದ್ಘಾಟಿಸಿದ್ದು ೨೦೦೧ರ ಜುಲೈಯಲ್ಲಿ, ತಿರುವನಂತಪುರದಲ್ಲಿ. ಮರುವರ್ಷವೇ ಕಲ್ಲಿಕೋಟೆಯ ವಿದ್ಯಾರ್ಥಿಗಳಿಂದ ಆರಂಭವಾದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗವು ಮಲಯಾಳಂ ಅಕ್ಷರಗಳನ್ನು ಗಣಕಕ್ಕೆ ತರುವ ಕೆಲಸವನ್ನು ಸಂಬಳವಿಲ್ಲದೆ ಮಾಡಿತು. ಸರ್ಕಾರವು ಶಾಲೆಗಳ ಗಣಕಗಳನ್ನೆಲ್ಲ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. ಐಟಿ ಅಟ್ ಸ್ಕೂಲ್ ಎಂಬ ಹೆಸರಿನಲ್ಲಿ ಆರಂಭವಾಗಿ ೨೦೧೭ರಲ್ಲಿ ಕೈಟ್ ಎಂದಾದ ಸಂಸ್ಥೆ ತಿರುವನಂತಪುರದಿಂದ ಈ ಕೆಲಸವನ್ನು ನಡೆಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಗಣಕ ಕಲಿಯುವುದು ಇದೇ ವ್ಯವಸ್ಥೆಯಲ್ಲಿ. ಹೀಗೆ, ಕೊಟ್ಟವರಾರೆಂದು ತಿಳಿಯದ ದಾನವೊಂದನ್ನು ನಮ್ಮ ಗಡಿನಾಡಿನ ಕೂಸುಗಳು ದಿನವೂ ಉಣ್ಣುತ್ತಿವೆ.

ಕೊಚ್ಚಿಯ ಉದಾಹರಣೆ ಇನ್ನೂ ಹತ್ತಿರದ್ದು. ಕೋವಿಡ್ ವ್ಯಾಧಿ ಬಂದ ೨೦೨೦ರ ಮಾರ್ಚಿಯಲ್ಲಿ ಎರ್ನಾಕುಲಂನ ಯುವಕ ಯುವತಿಯರ ಸ್ವಯಂಸೇವಾ ಗುಂಪೊಂದು ರೋಗಿಗಳ, ಹಾಸಿಗೆಗಳ, ಆಂಬುಲೆನ್ಸುಗಳ ಲೆಕ್ಕವಿಡುವ ತಂತ್ರಾಂಶವನ್ನು ಬರೆಯತೊಡಗಿತು. ಕೇರ್ ಎಂಬ ಹೆಸರಿನ ಆ ತಂತ್ರಾಂಶದ ಮೂಲ ಎಲ್ಲರಿಗೂ ಮುಕ್ತ. ವ್ಯಾಧಿ ಇಳಿದರೂ ತಂತ್ರಾಂಶ ಉಳಿಯಿತು. ಟೆನ್‌ಬೆಡ್ ಐಸಿಯು ಯೋಜನೆಯ ಮೂಲಕ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳ ತೀವ್ರನಿಗಾ ಘಟಕಗಳಿಗೆ ಹೋಯಿತು. ಅದರ ತೀವ್ರನಿಗಾ ಭಾಗದ ಕೆಲವು ಪುಟಗಳನ್ನು ಮೊದಲು ರಿಸ್ಕ್ರಿಪ್ಟ್ ಎಂಬ ಫಂಕ್ಷನಲ್ ಜಾತಿಯ ಭಾಷೆಯಲ್ಲಿಯೇ ಬರೆದಿದ್ದರು. ಯೋಚಿಸಿ ನೋಡಿ: ನಮ್ಮೂರಿನ ತಾಲ್ಲೂಕು ಆಸ್ಪತ್ರೆಯ ಹಾಸಿಗೆಯ ಪಕ್ಕದ ಪರದೆಯ ಹಿಂದೆ ಕೊಚ್ಚಿಯ ಹುಡುಗರ ಬರವಣಿಗೆ, ಆ ಬರವಣಿಗೆಯ ಹಿಂದೆ ದೂರದೇಶದ ಇನ್ನಾರೋ ಪುಕ್ಕಟೆಯಾಗಿ ಕೊಟ್ಟ ಭಾಷೆ. ಸರಪಳಿಯ ಒಂದು ಕೊಂಡಿ ಸಡಿಲವಾದರೂ ತೂಗಾಡುವುದು ಯಾರದೋ ಮನೆಯವರ ಉಸಿರು. ಆದ್ದರಿಂದ ಇದು ಬರಿಯ ತಾಂತ್ರಿಕರ ಜಗಳವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ಮೊದಲನೆಯ ಪಕ್ಷವನ್ನು ಕೇಳೋಣ. ದಾನ ದಾನವೇ, ಕೊಟ್ಟವನಿಗೆ ಮುಂದಿನ ಹೊಣೆಯಿಲ್ಲ. ಮುಕ್ತ ತಂತ್ರಾಂಶದ ಬಹುತೇಕ ಪರವಾನಗಿಗಳಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿರುತ್ತಾರೆ: ವಸ್ತು ಇದ್ದದ್ದು ಇದ್ದ ಹಾಗೆ, ಯಾವ ಖಾತರಿಯೂ ಇಲ್ಲ, ನಷ್ಟವಾದರೆ ನಾವು ಬಾಧ್ಯರಲ್ಲ. ಒಪ್ಪಿದವರು ತೆಗೆದುಕೊಂಡರು. ಆಮೇಲೆ ಬಂದು ದಬಾಯಿಸುವುದು ಯಾವ ನ್ಯಾಯ? ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಈ ಪಕ್ಷದಲ್ಲಿ ಬಹಳ ಸತ್ಯವಿದೆ. ದಾನದ ಮೇಲೆ ಹೊಣೆಯ ಹೊರೆ ಹೇರುತ್ತ ಹೋದರೆ ಕೊಡುವವರೇ ಇಲ್ಲದಾಗುತ್ತಾರೆ.

ಎರಡನೆಯ ಪಕ್ಷ ಹೇಳುವುದು ಬೇರೆ. ನೀನು ಬರೆದು ಪೆಟ್ಟಿಗೆಯಲ್ಲಿಟ್ಟುಕೊಳ್ಳಲಿಲ್ಲ. ಬನ್ನಿ, ಬಳಸಿ ಎಂದು ಕರೆದೆ. ಕರೆದು ನಂಬಿಸಿದ ಮೇಲೆ ಆ ನಂಬಿಕೆಗೆ ಬೆಲೆಯಿಲ್ಲವೇ? ೨೦೧೬ರ ಮಾರ್ಚಿಯಲ್ಲಿ ಅಜೆರ್ ಕೋಚುಲು ಎಂಬ ತಂತ್ರಾಂಶ ಬರಹಗಾರ, ಹೆಸರೊಂದರ ವಿವಾದದಲ್ಲಿ ಬೇಸತ್ತು, ತಾನು ಸಾರ್ವಜನಿಕ ಭಂಡಾರದಲ್ಲಿಟ್ಟಿದ್ದ ತುಣುಕುಗಳನ್ನೆಲ್ಲ ಹಿಂತೆಗೆದುಕೊಂಡ. ಅವುಗಳಲ್ಲೊಂದು ಬರಿಯ ೧೧ ಸಾಲಿನದು. ಸಾಲಿನ ಎಡಕ್ಕೆ ಖಾಲಿ ಜಾಗ ತುಂಬುವ ಕೆಲಸ ಅದರದ್ದು. ಅಷ್ಟಕ್ಕೇ ಜಗತ್ತಿನ ಎಷ್ಟೋ ಕಡೆ ತಂತ್ರಾಂಶ ಕಟ್ಟುವ ಕೆಲಸ ನಿಂತುಹೋಯಿತು. ಭಂಡಾರದವರು ಆ ತುಣುಕನ್ನು ತಾವೇ ಮತ್ತೆ ಇಡಬೇಕಾಯಿತು. ಕಾನೂನಿನ ದೃಷ್ಟಿಯಲ್ಲಿ ಆತ ಮಾಡಿದ್ದರಲ್ಲಿ ಆಕ್ಷೇಪವಿರಲಾರದು. ಆದರೆ ಬಾವಿ ನನ್ನದು ಎಂದು ಹಗ್ಗ ಕೊಯ್ದವನನ್ನು ಊರು ಹೊಗಳುವುದಿಲ್ಲ.

ಈ ಎರಡೂ ಪಕ್ಷಗಳು ಒಂದು ತಪ್ಪನ್ನು ಹಂಚಿಕೊಂಡಿವೆ ಎಂದು ನಮಗೆ ತೋರುತ್ತದೆ. ಹೊಣೆ ಇದ್ದರೆ ಕೊಟ್ಟವನೊಬ್ಬನದೇ, ಇಲ್ಲದಿದ್ದರೆ ಯಾರದೂ ಅಲ್ಲ ಎಂದು ಎರಡೂ ಭಾವಿಸಿಕೊಂಡಿವೆ. ನಮ್ಮ ಪೂರ್ವಿಕರು ಹಾಗೆ ಭಾವಿಸಲಿಲ್ಲ. ಕರ್ನಾಟಕದ ಶಾಸನಗಳಲ್ಲಿ ಕೆರೆ ಕಟ್ಟಿದ ಸುದ್ದಿಯ ಬೆನ್ನಿಗೇ ಅದರ ಪಾಲನೆಯ ಏರ್ಪಾಡೂ ಬರುವುದನ್ನು ಕಾಣುತ್ತೇವೆ. ಕೆರೆಯ ನಿರ್ಮಾಣಕ್ಕೂ ಪಾಲನೆಗೂ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳಿದ್ದವು. ಹೂಳು ಸಾಗಿಸುವ ಕೆರೆಬಂಡಿಗೂ ದತ್ತಿಯಿತ್ತು. ತೂಬು ತೆರೆದು ಮುಚ್ಚಿ ಎಲ್ಲರ ಗದ್ದೆಗೂ ನೀರು ಹಂಚುವ ನೀರುಗಂಟಿಗೆ ಸುಗ್ಗಿಯಲ್ಲಿ ರೈತರೆಲ್ಲ ಕಾಳು ಅಳೆದು ಕೊಡುತ್ತಿದ್ದರು. ಕಟ್ಟಿಸಿದವನಿಗೆ ಪುಣ್ಯ ಸಂದಿತು. ಆದರೆ ಹೂಳೆತ್ತುವ ಕೆಲಸವನ್ನು ಅವನ ಮೊಮ್ಮಗನ ತಲೆಗೆ ಕಟ್ಟಲಿಲ್ಲ. ನೀರುಂಡ ಗದ್ದೆಯೇ ಕೆರೆಯ ಋಣ ತೀರಿಸಬೇಕೆಂಬುದು ಅಲ್ಲಿನ ತತ್ತ್ವ.

ಹಾಗಾದರೆ ಕೊಟ್ಟವನಿಗೆ ಏನೂ ಇಲ್ಲವೇ? ಇದೆ, ಆದರೆ ಮಿತಿಯುಳ್ಳದ್ದು. ನಮ್ಮ ಮಟ್ಟಿಗೆ ಅವು ಮೂರು.

ಒಂದನೆಯದು, ವಸ್ತುವಿನ ಸ್ಥಿತಿಯನ್ನು ಇದ್ದಂತೆ ಹೇಳುವುದು. ಕಟ್ಟೆ ಬಿರುಕು ಬಿಟ್ಟಿದ್ದರೆ ಬಿಟ್ಟಿದೆ ಎನ್ನಬೇಕು. ಇನ್ನು ಮುಂದೆ ನೋಡಿಕೊಳ್ಳಲಾರೆನಾದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಮೌನವಾಗಿ ಮಾಯವಾಗುವುದು ತಪ್ಪು. ಸಾಕಾಯಿತು ಎನ್ನುವುದು ತಪ್ಪಲ್ಲ.

ಎರಡನೆಯದು, ಕೊಟ್ಟ ಮಾತನ್ನು ನಡೆಸುವುದು. ಬಿಡುಗಡೆಗೆ ಹಾಕುವ ಅಂಕಿಗಳು ಅಲಂಕಾರವಲ್ಲ, ಅವು ವಚನ. ಮೊದಲ ಅಂಕಿ ಬದಲಾಗದಿರುವವರೆಗೆ ಹಳೆಯದು ಮುರಿಯುವುದಿಲ್ಲ ಎಂಬುದು ರೂಢಿಯ ಅರ್ಥ. ಫೀನಿಕ್ಸ್ ೧.೦ ಬಂದುದು ೨೦೧೫ರಲ್ಲಿ; ಹತ್ತು ವರ್ಷಗಳ ನಂತರ ೨೦೨೫ರಲ್ಲಿ ಬಂದುದು ೧.೮. ಮೊದಲ ಅಂಕಿ ಕದಲಲಿಲ್ಲ. ಅದೇ ಬಳಗದ ಲೈವ್‌ವ್ಯೂ ಎಂಬ ಭಾಗವು ೨೦೧೯ರಿಂದ ಜನರ ಕೈಯಲ್ಲಿದ್ದರೂ ಅದಕ್ಕೆ ೧.೦ ಎಂಬ ಅಂಕಿ ದೊರೆತುದು ೨೦೨೪ರ ಡಿಸೆಂಬರಿನಲ್ಲಿ. ನಡೆಸಲು ಆಗುವವರೆಗೆ ಮಾತು ಕೊಡದಿರುವುದೂ ಸತ್ಯನಿಷ್ಠೆಯೇ. ಇನ್ನೊಂದು ಕಡೆ ಎಲ್ಮ್ ಎಂಬ ಫಂಕ್ಷನಲ್ ಭಾಷೆಯ ನಿರ್ಮಾಪಕ ಇವಾನ್ ಚಾಪ್ಲಿಕಿ ೨೦೧೮ರ ೦.೧೯ ಬಿಡುಗಡೆಯಲ್ಲಿ, ಹಲವರು ಬಳಸುತ್ತಿದ್ದ ಒಳದಾರಿಯೊಂದನ್ನು ಮುಚ್ಚಿದರು. ಭಾಷೆ ಶುಭ್ರವಾಗಿ ಉಳಿಯಲೆಂಬುದು ಅವರ ಉದ್ದೇಶ. ಅಂಕಿ ಇನ್ನೂ ಸೊನ್ನೆಯಲ್ಲಿಯೇ ಇದ್ದುದರಿಂದ ವಚನಭಂಗವೂ ಆಗಲಿಲ್ಲ. ಆದರೂ ಆ ದಾರಿಯಲ್ಲಿ ಮನೆ ಕಟ್ಟಿಕೊಂಡವರಿಗೆ ನೋವಾಯಿತು. ರಿಸ್ಕ್ರಿಪ್ಟ್‌ನವರು ೨೦೨೦ರಲ್ಲಿ ಭಾಷೆಯ ಹೆಸರನ್ನೂ ಬರೆಯುವ ರೀತಿಯನ್ನೂ ಬದಲಿಸಿದಾಗ, ಹಳೆಯ ಬರವಣಿಗೆಯನ್ನು ಹೊಸದಕ್ಕೆ ತಿರುಗಿಸುವ ಸಾಧನವನ್ನೂ ಜೊತೆಗಿಟ್ಟರು. ಬದಲಾಯಿಸುವ ಹಕ್ಕು ಕೊಟ್ಟವನಿಗಿದೆ. ಬದಲಾಯಿಸುವಾಗ ಹಲಗೆ ಹಾಕಿ ದಾಟಿಸುವುದು ಸೌಜನ್ಯ.

ಮೂರನೆಯದು, ಹೋಗುವ ಮುಂಚೆ ಬೀಗದ ಕೈ ಒಪ್ಪಿಸುವುದು. ಆದರೆ ಯಾರಿಗೆ? ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ, ಅದನ್ನು ಮರೆಮಾಚಲಾಗದು. ಎಕ್ಸ್‌ಜೆಡ್ ಎಂಬ, ಕಡತಗಳನ್ನು ಕುಗ್ಗಿಸುವ ಒಂದು ಸಾಧನವನ್ನು ಲಾಸೆ ಕೊಲಿನ್ ಎಂಬವರು ವರ್ಷಗಟ್ಟಲೆ ಬಹುಮಟ್ಟಿಗೆ ಒಂಟಿಯಾಗಿಯೇ ನೋಡಿಕೊಂಡಿದ್ದರು. ಅವರು ದಣಿದಿದ್ದಾಗ ಜಿಯಾ ಟಾನ್ ಎಂಬ ಹೆಸರಿನ ಅಪರಿಚಿತ ನೆರವಾಗಲು ಬಂದ. ಕೆಲಸ ನಿಧಾನವಾಯಿತೆಂದು ಬೇರೆ ಕೆಲವರು ಹೊರಗಿನಿಂದ ಒತ್ತಡ ತಂದರು. ಎರಡು ವರ್ಷಕ್ಕೂ ಮೇಲ್ಪಟ್ಟು ವಿನಯದಿಂದ ದುಡಿದು, ನಂಬಿಕೆ ಗಳಿಸಿ, ಬೀಗದ ಕೈ ಪಡೆದ ಆ ಅಪರಿಚಿತ, ಕೊನೆಗೆ ಜಗತ್ತಿನ ಗಣಕಗಳಿಗೆ ಕಳ್ಳಬಾಗಿಲು ತೆರೆಯುವ ವಿಷವನ್ನು ಅದರೊಳಗಿಟ್ಟ. ೨೦೨೪ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ಗಣಕದೊಳಕ್ಕೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಅನುಮಾನಿಸಿ ಕೆದಕಿದ್ದರಿಂದ ದೊಡ್ಡ ಅನಾಹುತ ತಪ್ಪಿತು.

ಈ ಕಥೆಯಿಂದ, ಯಾರನ್ನೂ ನಂಬಬಾರದೆಂಬ ನೀತಿಯನ್ನು ಎತ್ತಿಕೊಳ್ಳುವುದು ಸುಲಭ. ನಮಗದು ಸರಿಕಾಣದು. ಕೊಲಿನ್ ಅವರ ದೋಷ ನಂಬಿದ್ದರಲ್ಲಿಲ್ಲ. ಅವರನ್ನು ಒಂಟಿಯಾಗಿ ಬಿಟ್ಟವರ ದೋಷವೇ ದೊಡ್ಡದು. ಕೈಯೊಂದು ಸಿಕ್ಕರೆ ಸಾಕೆನ್ನುವಷ್ಟು ದಣಿದವನು ಕೊಟ್ಟ ಕೈಯನ್ನು ಪರೀಕ್ಷಿಸುವ ಸ್ಥಿತಿಯಲ್ಲಿರುವುದಿಲ್ಲ. ನಮ್ಮ ಸಂಘಗಳಲ್ಲಿ ಚೆಕ್ಕಿಗೆ ಇಬ್ಬರ ರುಜು ಬೇಕೆನ್ನುವುದು ಖಜಾಂಚಿಯ ಮೇಲಿನ ಅವಿಶ್ವಾಸದಿಂದಲ್ಲ. ಒಬ್ಬನ ತಲೆಯ ಮೇಲೆಯೇ ಪ್ರಲೋಭನೆಯೂ ಬೀಳಬಾರದು, ಅಪವಾದವೂ ಬೀಳಬಾರದು ಎಂಬ ಕರುಣೆಯಿಂದ. ಬೀಗದ ಕೈಯನ್ನು ಒಪ್ಪಿಸಬೇಕಾದುದು ಒಬ್ಬನಿಗಲ್ಲ, ಒಂದು ಬಳಗಕ್ಕೆ. ಬಳಗ ಸಿದ್ಧವಾಗಿರಬೇಕಾದರೆ ಉಂಡವರು ಮೊದಲೇ ಎದ್ದು ಬಂದಿರಬೇಕು.

ಆದ್ದರಿಂದ ಮಾತು ಪಡೆದವರ ಕಡೆಗೆ ತಿರುಗುತ್ತದೆ. ಪಡೆದವರ ಹೊಣೆ ಅವರು ಉಂಡಷ್ಟು. ೨೦೧೪ರ ಏಪ್ರಿಲಿನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ದೊಡ್ಡ ಲೋಪ ಬಯಲಾಯಿತು. ಜಗತ್ತಿನ ಅಂಗಡಿ, ಬ್ಯಾಂಕುಗಳ ಗುಟ್ಟನ್ನು ಕಾಯುತ್ತಿದ್ದ ಆ ವಸ್ತುವಿನ ಬಳಗಕ್ಕೆ ಅದುವರೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು ೨೦೦೦ ಡಾಲರು! ಲೋಪ ಬಯಲಾದ ಮೇಲೆ ದೊಡ್ಡ ಸಂಸ್ಥೆಗಳು ಎಚ್ಚೆತ್ತು ಹಣ ಕೂಡಿಸಿದವು. ಕಟ್ಟೆ ಒಡೆದ ಮೇಲೆ ಬಿತ್ತುವಟ್ಟ ಬರೆದಂತಾಯಿತು. ಕೇರಳದಲ್ಲಿ ನಾವು ಕಾಣುವ ಮಾದರಿ ಇದಕ್ಕಿಂತ ಮೇಲು. ಶಾಲೆಗಳ ತಂತ್ರಾಂಶವನ್ನು ನೋಡಿಕೊಳ್ಳಲು ಸರ್ಕಾರವೇ ಸಂಸ್ಥೆ ಇಟ್ಟಿದೆ, ಶಿಕ್ಷಕರಿಗೆ ತರಬೇತಿ ಕೊಟ್ಟಿದೆ. ಮುಕ್ತ ತಂತ್ರಾಂಶಕ್ಕೆಂದೇ ಐಸಿಫಾಸ್ ಎಂಬ ಕೇಂದ್ರವನ್ನು ತಿರುವನಂತಪುರದಲ್ಲಿ ನಡೆಸುತ್ತಿದೆ. ಮಲಯಾಳಂ ಅಕ್ಷರಗಳ ಕೆಲಸ ಒಬ್ಬಿಬ್ಬರ ಕೈ ದಾಟಿ ಬಳಗದ್ದಾಯಿತು. ಆದ್ದರಿಂದಲೇ ಮೀರ, ರಚನಗಳ ತರುವಾಯ ೨೦೧೬ರಲ್ಲಿ ಸಂತೋಷ್ ತೋಟ್ಟಿಂಗಲ್ ಅವರ ಮಂಜರಿಯೂ ಬಂತು.

ನಮ್ಮ ಕನ್ನಡದ ಅನುಭವವೂ ಪಾಠ ಹೇಳುತ್ತದೆ. ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣೆ ವಿನ್ಯಾಸವನ್ನು ರೂಪಿಸಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಹೊರನಾಡ ಕನ್ನಡಿಗರ ಕೈಗೆ ತಾಯ್ನುಡಿಯನ್ನು ಮರಳಿ ಕೊಟ್ಟಿತು. ಆದರೆ ಆ ಕಾಲದ ಅಕ್ಷರ ಸಂಕೇತಗಳಲ್ಲಿ ಬೆರಳಚ್ಚಾದ ಸ್ಮರಣ ಸಂಚಿಕೆಗಳನ್ನು, ಸಂಘಗಳ ವರದಿಗಳನ್ನು ಇಂದು ತೆರೆದರೆ ಬಹಳ ಸಲ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅವನ್ನು ಯುನಿಕೋಡ್ ಕನ್ನಡಕ್ಕೆ ತಿರುಗಿಸುವ ಸಾಧನಗಳನ್ನು ಮತ್ತೆ ಸ್ವಯಂಸೇವಕರೇ ಬರೆದಿದ್ದಾರೆ. ಅವರ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು? ತಾಯ್ನುಡಿಗಾಗಿ ವೇದಿಕೆಯ ಮೇಲೆ ಹೂಮಾಲೆ ಹಾಕಿಸಿಕೊಳ್ಳುವವರಿಗೆ ಕೊರತೆಯಿಲ್ಲ. ಹೂಳೆತ್ತುವವರು ಮಾತ್ರ ಕತ್ತಲಲ್ಲಿದ್ದಾರೆ.

ಹಾಗೆಂದು ಪುಕ್ಕಟೆ ಪಡೆದ ಪ್ರತಿಯೊಬ್ಬನೂ ಗಣಕ ವಿದ್ಯೆ ಕಲಿಯಬೇಕೆಂದು ನಾವು ಹೇಳುತ್ತಿಲ್ಲ. ಗದ್ದೆಯವರೆಲ್ಲ ತೂಬಿಗೆ ಇಳಿಯುತ್ತಿರಲಿಲ್ಲ, ಕಾಳು ಅಳೆಯುತ್ತಿದ್ದರು. ತಪ್ಪು ಕಂಡರೆ ಬೈಯದೆ ವಿವರವಾಗಿ ತಿಳಿಸುವುದು, ಕನ್ನಡದ ಅನುವಾದದಲ್ಲಿ ನಾಲ್ಕು ಸಾಲು ತಿದ್ದಿಕೊಡುವುದು, ಲಾಭ ಮಾಡುವ ಸಂಸ್ಥೆಯಲ್ಲಿ ಅಧಿಕಾರದ ಸ್ಥಾನದಲ್ಲಿರುವವರು ತಾವು ಬಳಸುವ ಚೌಕಟ್ಟಿಗೆ ವರ್ಷಕ್ಕಿಷ್ಟು ಎಂದು ತೆಗೆದಿಡುವಂತೆ ಮಾಡುವುದು, ಸರ್ಕಾರವು ಆಸ್ಪತ್ರೆಗೆ ತಂತ್ರಾಂಶ ತರುವಾಗ ಅದರ ಪಾಲನೆಯ ಖರ್ಚನ್ನೂ ಅಂದಾಜಿನಲ್ಲಿ ಸೇರಿಸುವುದು, ಇವೆಲ್ಲ ಕಾಳು ಅಳೆಯುವ ಬಗೆಗಳೇ.

ಇನ್ನು ಆ ತಾಯಿಗೂ ಮಗನಿಗೂ ಏನು ಹೇಳೋಣ? ಮಗನಿಗೆ: ನಂಬಿದವರಿಗೆ ನೀನು ಸತ್ಯವನ್ನು ಸಲ್ಲಿಸಬೇಕು, ಮಾತನ್ನು ಸಲ್ಲಿಸಬೇಕು, ಆದರೆ ಆಯುಷ್ಯವನ್ನೇ ಸಲ್ಲಿಸಬೇಕಾಗಿಲ್ಲ. ದಣಿದಾಗ ದಣಿದೆ ಎಂದು ಹೇಳುವುದೂ ಧರ್ಮವೇ. ತಾಯಿಗೆ: ಆತ ಮಾಡುತ್ತಿರುವುದು ಹುಚ್ಚಲ್ಲ, ನಮ್ಮ ಹಿರಿಯರು ಕೆರೆಗಾಗಿ ಮಾಡಿದ್ದನ್ನೇ ಆತ ಬೇರೆ ನೀರಿಗಾಗಿ ಮಾಡುತ್ತಿದ್ದಾನೆ. ಇನ್ನುಳಿದವರು ನಾವು, ಆ ನೀರು ಕುಡಿಯುತ್ತಿರುವವರು. ಈ ತಿಂಗಳು ಸಂಘದಲ್ಲಿ ಸೇರಿದಾಗ, ನಮ್ಮ ನಡುವೆ ಇಂತಹ ಕೆಲಸದಲ್ಲಿ ತೊಡಗಿರುವ ಮಕ್ಕಳು ಯಾರಿದ್ದಾರೆಂದು ಕೇಳಿಕೊಂಡು, ಅವರಿಗೆ ಏನು ಬೇಕಾಗಿದೆಯೆಂದು ವಿಚಾರಿಸಿದರೆ ಅದು ಒಳ್ಳೆಯ ಆರಂಭವಾದೀತು.